ಮಂಗಳವಾರದ ಲೆಕ್ಕ

ಮನೆಯ ಆಯವ್ಯಯವನ್ನು ಉದ್ದನೆಯ ಲೆಕ್ಕದ ಪುಸ್ತಕವೊಂದರಲ್ಲಿ ದಿನಕ್ಕೊಂದು ಪುಟದಂತೆ ಬರೆದಿಡುವ ಅಭ್ಯಾಸವು ನನಗೆ, ಜಿಲ್ಲೆಯ ಸಕ್ಕರೆ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಕೆಲಸಕ್ಕೆ ಸೇರಿದ ವರ್ಷದಿಂದ ಬಂದದ್ದು. ನಿವೃತ್ತನಾಗಿ ಮಂಡ್ಯದ ಗುತ್ತಲಿನಲ್ಲಿ, ಅರ್ಕೇಶ್ವರನ ಗುಡಿಯ ಗಂಟೆ ಕೇಳಿಸುವಷ್ಟು ಸಮೀಪದಲ್ಲಿ ನೆಲಸಿದ ಮೇಲೆಯೂ ಅದು ನನ್ನನ್ನು ಬಿಟ್ಟಿಲ್ಲ. ಪುಟದ ಎಡಗಡೆ ಪ್ರಯಾಣ, ಊಟ, ವಸತಿ, ಟಿಕೆಟ್ ಎಂದು ಹೆಸರಿಟ್ಟ ಕಲಮುಗಳಿರುತ್ತವೆ. ಕಟ್ಟಕಡೆಗೆ, ಯಾವ ಹೆಸರಿಗೂ ಒಗ್ಗದ ವೆಚ್ಚಗಳಿಗೆಲ್ಲ ಆಶ್ರಯವಾಗಿ ‘ಇತರೆ’ ಎಂಬ ಒಂದು ಕಲಮು ಇರುತ್ತದೆ. ಲೆಕ್ಕ ಬರೆಯುವವರು ಬಹುಮಟ್ಟಿಗೆ ಅಲಕ್ಷ್ಯ ಮಾಡುವ ಈ ಕೊನೆಯ ಕಲಮಿನಲ್ಲಿಯೇ ಮನೆತನದ ನಿಜವಾದ ಸ್ಥಿತಿಗತಿಯು ಕಾಣಿಸಿಕೊಳ್ಳುತ್ತದೆಂಬುದು ನನ್ನ ಅನುಭವ. ಮೊಮ್ಮಕ್ಕಳನ್ನು ಕರೆದುಕೊಂಡು ಹೋದ ಎರಡು ವಿಹಾರಗಳ ಪುಟಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದ ಮೇಲೆ ಈ ನಂಬಿಕೆಯು ನನ್ನಲ್ಲಿ ದೃಢವಾಯಿತು.

ಮೊದಲನೆಯದು ಎರಡು ವರ್ಷಗಳ ಹಿಂದಿನದು. ಮಗಳು ಪುಣೆಯಲ್ಲಿದ್ದಾಳೆ, ಅಲ್ಲಿಯ ಶಾಲೆಗಳು ಜೂನ್ ತಿಂಗಳ ನಡುವೆ ತೆರೆಯುವುದರಿಂದ, ನಮ್ಮ ಕಡೆಯ ಮಕ್ಕಳೆಲ್ಲ ಶಾಲೆಗೆ ಹೊರಟುಹೋದ ಜೂನ್ ಮೊದಲ ವಾರದಲ್ಲಿ ಅವಳ ಮಕ್ಕಳಿಗೆ ಇನ್ನೂ ರಜೆ ಉಳಿದಿರುತ್ತದೆ. ಹನ್ನೊಂದು ವರ್ಷದ ಹುಡುಗಿ, ಏಳು ವರ್ಷದ ಹುಡುಗ, ಮಗಳು, ಅಳಿಯಂದಿರು, ನಾನು, ನನ್ನ ಪತ್ನಿ ಎಂದು ಆರು ಮಂದಿ. ಭಾನುವಾರ ಬಿಡದಿಯ ವಂಡರ್‌ಲಾ, ಸೋಮವಾರ ಮೈಸೂರಿನ ಕಡೆಯ ಒಂದು ಜಲಕ್ರೀಡೋದ್ಯಾನ, ಮಂಗಳವಾರ ಮೃಗಾಲಯ ಹಾಗೂ ಅರಮನೆ, ಸಂಜೆಗೆ ಬೃಂದಾವನ ಎಂದು ಕಾರ್ಯಕ್ರಮವನ್ನು ನಾನೇ ಸಿದ್ಧಪಡಿಸಿದೆನು. ಬಿಡದಿಗೂ ಮಂಡ್ಯಕ್ಕೂ ಸುಮಾರು 65 ಕಿಲೋಮೀಟರು, ಮಂಡ್ಯಕ್ಕೂ ಮೈಸೂರಿಗೂ ಸುಮಾರು 45. ಮನೆಗೆ ಹಿಂದಿರುಗಿ ಮತ್ತೆ ಹೊರಡುವುದು ಕಾಲದ ಅಪವ್ಯಯವೆಂದು ಭಾವಿಸಿ, ಮೊದಲ ರಾತ್ರಿ ಬಿಡದಿಯ ಬಳಿಯೂ ಎರಡನೆಯ ರಾತ್ರಿ ಮೈಸೂರಿನಲ್ಲಿಯೂ ಎರಡೆರಡು ಕೋಣೆಗಳನ್ನು ಹಿಡಿದೆವು. ಕೋಣೆಗಳ ಬಾಡಿಗೆಯೇ 11,200 ರೂಪಾಯಿ ಆಯಿತು.

ಮೊದಲ ದಿನವು ನಿರೀಕ್ಷೆಗೂ ಮೀರಿ ಸೊಗಸಾಗಿ ಕಳೆಯಿತು. 2000ನೆಯ ಇಸವಿಯಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡ್ ಎಂಬ ಹೆಸರಿನಿಂದ ಮೊದಲಿಟ್ಟು, 2005ರಲ್ಲಿ ಬಿಡದಿಗೆ ಬಂದ ಆ ಸಂಸ್ಥೆಯ ಉದ್ಯಾನದಲ್ಲಿ ಮಕ್ಕಳ ಟಿಕೆಟ್ಟನ್ನು ವಯಸ್ಸಿನಿಂದಲ್ಲದೆ ಎತ್ತರದಿಂದ ನಿರ್ಣಯಿಸುತ್ತಾರೆ. ಅಳತೆಯ ಗೆರೆಯ ಮುಂದೆ ನಿಂತು ಮೊಮ್ಮಗನು ಹಿಮ್ಮಡಿಯನ್ನೆತ್ತಿ ದೊಡ್ಡವನಾಗಲು ಪ್ರಯತ್ನಿಸಿದ ದೃಶ್ಯವು ಈಗಲೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಆ ದಿನದ ‘ಇತರೆ’ 640 ರೂಪಾಯಿ.

ಮರುದಿನ ಬೆಳಿಗ್ಗೆ ಏಳು ಗಂಟೆಗೇ ಮಕ್ಕಳನ್ನು ಎಬ್ಬಿಸಿ ಹೊರಟೆವು. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಹೆದ್ದಾರಿಯಲ್ಲಿ ಕಾರು ಮದ್ದೂರನ್ನು ದಾಟಿ ಮಂಡ್ಯದ ಬೈಪಾಸಿಗೆ ಬಂದಾಗ, ಹಿಂದಿನ ಆಸನದಲ್ಲಿ ಎರಡು ಮಕ್ಕಳೂ ಬಾಯಿ ತೆರೆದು ನಿದ್ರಿಸುತ್ತಿದ್ದವು. ನನ್ನ ಪತ್ನಿಯು ಕಿಟಕಿಯಿಂದ ಊರಿನ ಕಡೆಗೆ ನೋಡಿ, “ಮನೆ ಬಂತಲ್ರೀ” ಎಂದಳು. ಮಾತು ಅಷ್ಟೇ. ನಾನು ಗಡಿಯಾರವನ್ನು ನೋಡಿದೆನೇ ಹೊರತು ಅವಳ ಮುಖವನ್ನು ನೋಡಲಿಲ್ಲ. ಬೀಗ ಹಾಕಿದ ಸ್ವಂತ ಮನೆಯನ್ನು ಬದಿಯಲ್ಲಿ ಬಿಟ್ಟು, ಬಾಡಿಗೆಯ ಕೋಣೆಯನ್ನು ಅರಸಿಕೊಂಡು, ದಣಿದ ಮಕ್ಕಳನ್ನು ಮುಂದಕ್ಕೆ ಸಾಗಿಸಿದ ಆ ಕ್ಷಣವೇ ಆ ಪ್ರವಾಸದ ಎಲ್ಲ ನಷ್ಟಗಳಿಗೂ ಮೂಲವೆಂದು ಈಗ ತಿಳಿಯುತ್ತದೆ.

ಎರಡನೆಯ ಉದ್ಯಾನದಲ್ಲಿ ಎರಡು ಗಂಟೆ ಕಳೆಯುವುದರೊಳಗಾಗಿ ಹುಡುಗನು ನೀರಿನಿಂದೆದ್ದು ಬಂದು ಅಜ್ಜಿಯ ಸೆರಗಿನೊಳಗೆ ಮುದುಡಿ ಕುಳಿತನು. ಹಲ್ಲು ಕಟಕಟಿಸುತ್ತಿತ್ತು, ಹಣೆ ಬಿಸಿಯಾಗಿತ್ತು. ಹುಡುಗಿಯ ಹಿಮ್ಮಡಿಯಲ್ಲಿ ಒದ್ದೆ ಚಪ್ಪಲಿಯು ಉಜ್ಜಿ ನಾಲ್ಕಾಣೆ ಅಗಲದ ಬೊಬ್ಬೆಯೆದ್ದು ಒಡೆದಿತ್ತು. ಏಳು ಗಂಟೆಗಳ ಆಟಕ್ಕೆಂದು ಆರು ಮಂದಿಗೆ ಕೊಟ್ಟ ಹಣಕ್ಕೆ ಎರಡು ಗಂಟೆಯ ಆಟವಷ್ಟೇ ದಕ್ಕಿತು. ಅದರೊಳಗಿನ ಜಿಎಸ್‌ಟಿಯೂ ಹಾಗೆಯೇ ಹೋಯಿತು. 2018ರ ಜನವರಿಯಲ್ಲಿ ಶೇಕಡಾ 28ರಿಂದ 18ಕ್ಕೆ ಇಳಿದ ಆ ತೆರಿಗೆಯನ್ನು, ಮಗುವು ಆಡಿದರೂ ಕೊಡಬೇಕು, ಮಲಗಿದರೂ ಕೊಡಬೇಕು. ಮೂರನೆಯ ದಿನ ಹುಡುಗನು ಚೇತರಿಸಿಕೊಂಡಿದ್ದನು. ಆದರೆ ಮೃಗಾಲಯದ ಬಾಗಿಲಿಗೆ ಹೋಗಿ ನಿಂತಾಗ, ಮಂಗಳವಾರ ಅದಕ್ಕೆ ವಾರದ ರಜೆಯೆಂಬ ಸಂಗತಿಯು, ಮೈಸೂರಿಗೆ ನೂರಾರು ಬಾರಿ ಹೋಗಿಬಂದಿರುವ ನನಗೆ ನೆನಪಾಯಿತು. ತಪ್ಪು ಸಂಪೂರ್ಣವಾಗಿ ನನ್ನದು. ಕಾಲ್ನಡಿಗೆಗೆ ಯಾರಲ್ಲಿಯೂ ತ್ರಾಣ ಉಳಿದಿರಲಿಲ್ಲವಾಗಿ, ಆ ದಿನದ ಮಿಕ್ಕ ಹೊತ್ತನ್ನು ತಂಪಾದ ಸ್ಥಳದಿಂದ ತಂಪಾದ ಸ್ಥಳಕ್ಕೆ ಹಣ ಕೊಟ್ಟು ಸಾಗುತ್ತ ಕಳೆದೆವು.

ಊರಿಗೆ ಬಂದು ಲೆಕ್ಕವನ್ನು ಕೂಡಿದಾಗ, ಭಾನುವಾರ 640 ಇದ್ದ ‘ಇತರೆ’ಯು ಸೋಮವಾರ 2,180ಕ್ಕೂ ಮಂಗಳವಾರ 3,450ಕ್ಕೂ ಏರಿತ್ತು. ಒಂದೊಂದು ರೂಪಾಯಿಯ ಹಿಂದೆಯೂ ಏನಿತ್ತೆಂದು ಪರಿಶೀಲಿಸಿದೆನು. ಅಳುವ ಮಗುವನ್ನು ಸಮಾಧಾನಪಡಿಸಲು ಕೊಂಡು ಸಂಜೆಯೊಳಗೆ ಮುರಿದುಹೋದ ಆಟಿಕೆ, ನಾಲ್ಕು ಹೆಜ್ಜೆಯ ದಾರಿಗೆ ಹಿಡಿದ ಆಟೋ, ಅರ್ಧ ತಿಂದು ಬಿಟ್ಟ ಐಸ್‌ಕ್ರೀಮು, ಎರಡು ಬೀದಿ ಆಚೆಗಿದ್ದ ಸಾಧಾರಣ ಹೋಟೆಲಿಗೆ ಹೋಗಲಾರದೆ ಎದುರಿಗೆ ಕಂಡ ದುಬಾರಿ ಹೋಟೆಲಿನಲ್ಲಿ ಕುಳಿತದ್ದು, ಔಷಧಿ ಅಂಗಡಿ. ಇವುಗಳಲ್ಲಿ ಯಾವುದೊಂದೂ ಸುಖಕ್ಕಾಗಿ ಮಾಡಿದ ವೆಚ್ಚವಲ್ಲ. ಎಲ್ಲವೂ ದಣಿವಿಗೆ ತೆತ್ತ ದಂಡ. ದಣಿದವನಿಗೆ ಚೌಕಾಶಿ ಮಾಡುವ ಶಕ್ತಿಯಾಗಲಿ, ಬೇಡವೆನ್ನುವ ಸ್ಥೈರ್ಯವಾಗಲಿ, ಮತ್ತೊಂದು ಅಂಗಡಿಗೆ ನಡೆದುಹೋಗುವ ತಾಳ್ಮೆಯಾಗಲಿ ಉಳಿದಿರುವುದಿಲ್ಲವಾದ್ದರಿಂದ, ಅವನ ಜೇಬು ತನ್ನಷ್ಟಕ್ಕೆ ತಾನೇ ಬಿಚ್ಚಿಕೊಳ್ಳುತ್ತದೆ.

ಕಾರ್ಖಾನೆಯಲ್ಲಿದ್ದವನಿಗೆ ಇದು ಮೊದಲೇ ಹೊಳೆಯಬೇಕಾಗಿದ್ದ ಸಂಗತಿ. 1933ರಲ್ಲಿ ಮೈಸೂರು ಸಕ್ಕರೆ ಕಂಪನಿಯು ಸ್ಥಾಪನೆಯಾದಂದಿನಿಂದ ಈ ಜಿಲ್ಲೆಯ ಜೀವನವು ಕಬ್ಬು ಅರೆಯುವ ಹಂಗಾಮಿಗೆ ಹೊಂದಿಕೊಂಡು ನಡೆಯುತ್ತಿದೆ. ಹಂಗಾಮು ಮುಗಿದ ಕೂಡಲೇ ಗಾಣದ ಉರುಳೆಗಳನ್ನು ಬಿಚ್ಚಿ, ಬಾಯ್ಲರಿನ ಕೊಳವೆಗಳನ್ನು ಉಜ್ಜಿ, ಸವೆದದ್ದನ್ನು ಬದಲಾಯಿಸುವ ದಿನಗಳಲ್ಲಿ ಒಂದು ಮೂಟೆ ಸಕ್ಕರೆಯೂ ಹೊರಬೀಳುವುದಿಲ್ಲ. ಆದರೂ ಆ ದುರಸ್ತಿಯ ಖರ್ಚಿಗೆ ಆಯವ್ಯಯ ಪತ್ರಿಕೆಯಲ್ಲಿ ಪ್ರತ್ಯೇಕ ಕಲಮಿರುತ್ತದೆ, ಅದನ್ನು ಯಾವ ಲೆಕ್ಕಪರಿಶೋಧಕನೂ ನಷ್ಟವೆಂದು ಕರೆದದ್ದಿಲ್ಲ. ಇಂತಹ ಪತ್ರಿಕೆಗಳನ್ನು ವರ್ಷವರ್ಷವೂ ಬರೆದ ನಾನು, ಮನೆಮಂದಿಯ ವಿಹಾರಕ್ಕೆ ಮಾತ್ರ ವಿಶ್ರಾಂತಿಯ ಕಲಮನ್ನು ಹಾಕದೇ ಹೋದೆನು.

ಕಳೆದ ವರ್ಷ ಅವರು ಮತ್ತೆ ಬರುವರೆಂದು ತಿಳಿದಾಗ ಪುಸ್ತಕವನ್ನು ತೆರೆದು, ಸೋಮವಾರ ಬಿಡದಿ, ಮಂಗಳವಾರ ಮನೆ, ಬುಧವಾರ ಮೈಸೂರು ಎಂದು ಬರೆದೆನು. ಅಳಿಯಂದಿರು ಫೋನಿನಲ್ಲಿ ಸಂಕೋಚದಿಂದಲೇ ಕೇಳಿದರು: “ಮಾವ, ನನಗೆ ಸಿಕ್ಕಿರೋ ರಜೆಯೇ ಐದು ದಿನ. ಅದರಲ್ಲಿ ಒಂದು ದಿನ ಮನೇಲಿ ಕೂತರೆ ನಷ್ಟ ಅಲ್ವಾ?” ಅವರ ಪ್ರಶ್ನೆಯು ನ್ಯಾಯವಾದದ್ದು. ಸಂಬಳದಾರನ ರಜೆಯು ಹಣದಷ್ಟೇ ಪರಿಮಿತವಾದದ್ದು, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಉಪದೇಶವು ನಿಷ್ಪ್ರಯೋಜಕ. ನಾನು ಹಿಂದಿನ ವರ್ಷದ ಮೂರು ‘ಇತರೆ’ಗಳನ್ನು ಅವರಿಗೆ ಓದಿ ಹೇಳಿದೆನು. ಅಷ್ಟರಲ್ಲಿ ನನ್ನ ಪತ್ನಿಯು ಫೋನನ್ನು ತೆಗೆದುಕೊಂಡು, “ನಾಲೆ ನೀರ್ಗೇ ಕಟ್ಟು ಮಾಡ್ತಾರೆ, ಮಕ್ಳಿಗೆ ಬ್ಯಾಡ್ವಾ? ಬುಡಿ, ಒಂದಿನ ಮನೇಲಿರ್ಲಿ” ಎಂದಳು. ವಿಶ್ವೇಶ್ವರಯ್ಯ ನಾಲೆಯಲ್ಲಿ ಕೆಲವು ದಿನ ನೀರು ಹರಿಸಿ ಕೆಲವು ದಿನ ನಿಲ್ಲಿಸುವ ಕಟ್ಟು ಪದ್ಧತಿಯನ್ನು ಮಗಳು ತಿಳಿಸಿ ಹೇಳಿದ ಮೇಲೆ ಅಳಿಯಂದಿರು ಒಪ್ಪಿದರು. ಎರಡನೆಯ ಜಲಕ್ರೀಡೋದ್ಯಾನವನ್ನೇ ಕೈಬಿಟ್ಟೆವು. ಈ ಬಾರಿ ಬಿಡದಿಗೆ ಭಾನುವಾರದ ಬದಲು ಸೋಮವಾರ ಹೋದದ್ದರಿಂದ, ಶನಿವಾರ ಭಾನುವಾರಗಳಿಗೆ ಇರುವ ಹೆಚ್ಚಿನ ಟಿಕೆಟ್ ದರವೂ ತಪ್ಪಿತು, ಸರದಿಯೂ ಗಿಡ್ಡವಾಯಿತು.

ಆ ಮಂಗಳವಾರ ಮಕ್ಕಳು ಎದ್ದದ್ದು ಒಂಬತ್ತೂವರೆಗೆ. ಹಿತ್ತಿಲಿನ ತಂತಿಯ ಮೇಲೆ, ನೀರಿನಾಟಕ್ಕೆ ಕಡ್ಡಾಯವಾದ ನೈಲಾನು ಉಡುಪುಗಳು ಎರಡು ಬಾರಿ ಒಗೆದರೂ ಹೋಗದ ಕ್ಲೋರಿನ್ ವಾಸನೆಯೊಡನೆ ಒಣಗುತ್ತಿದ್ದವು. ಚಪ್ಪಲಿಗಳನ್ನು ಗೋಡೆಗೆ ಒರಗಿಸಿ ಬಿಸಿಲಿಗಿಟ್ಟಿತ್ತು. ಮೇಲುಕೋಟೆಗಾದರೂ ಒಂದು ಗಳಿಗೆ ಹೋಗಿಬರೋಣವೇ ಎಂದು ನನ್ನ ಬಾಯಿಗೆ ಬಂದದ್ದನ್ನು, ಬೆಟ್ಟದ ಮೆಟ್ಟಿಲುಗಳನ್ನು ನೆನೆದು ನುಂಗಿಕೊಂಡೆನು. ವಿಶ್ರಾಂತಿಯ ದಿನಕ್ಕೆ ‘ಸಣ್ಣದೊಂದು’ ಕಾರ್ಯಕ್ರಮವನ್ನು ಸೇರಿಸುವವನು ಆ ದಿನವನ್ನೇ ಕಳೆದುಕೊಳ್ಳುತ್ತಾನೆ. ಮಧ್ಯಾಹ್ನ ಮುದ್ದೆ, ಬಸ್ಸಾರು, ಹುರುಳಿಕಾಳಿನ ಪಲ್ಯ. ಉಂಡ ಮೇಲೆ ಹುಡುಗನು ಜಗಲಿಯ ತಣ್ಣನೆಯ ಕಡಪಾ ಕಲ್ಲಿನ ಮೇಲೆ ಅಂಗಾತ ಮಲಗಿ, ಹಿಂದಿನ ದಿನ ತಾನು ಜಾರಿದ ಜಾರುಬಂಡೆಗಳನ್ನು ಒಂದೊಂದಾಗಿ ಬೆರಳು ಮಡಿಸಿ ಎಣಿಸುತ್ತ ಅಕ್ಕನೊಡನೆ ವಾದಿಸುತ್ತಿದ್ದನು. ಸೋಮವಾರ ಅವನು ಓಡುತ್ತಲೇ ಇದ್ದನು. ನೆನೆದು ಸವಿಯಲು ಅವನಿಗೆ ಹೊತ್ತು ಸಿಕ್ಕಿದ್ದು ಈಗ. ಕೊಟ್ಟ ಟಿಕೆಟ್ಟಿನ ಬೆಲೆಯು ಮಂಗಳವಾರ ನಮ್ಮ ಜಗಲಿಯ ಮೇಲೆ ಎರಡನೆಯ ಬಾರಿ ವಸೂಲಾಗುತ್ತಿರುವುದನ್ನು ನಾನು ಕುರ್ಚಿಯಲ್ಲಿ ಕುಳಿತು ನೋಡಿದೆನು.

ನಡುದಾರಿಯಲ್ಲಿ ಮನೆಯಿರುವ ಭಾಗ್ಯವು ಎಲ್ಲರಿಗೂ ಇರುವುದಿಲ್ಲವೆಂಬುದನ್ನು ಬಲ್ಲೆ. ನನ್ನ ಹಿರಿಯ ಮಗನು ಅಮೆರಿಕದಲ್ಲಿದ್ದು, ಫ್ಲಾರಿಡಾದ ಆರ್ಲ್ಯಾಂಡೊ ಬಳಿಯ ಡಿಸ್ನಿ ವರ್ಲ್ಡಿಗೆ ಕುಟುಂಬಸಮೇತನಾಗಿ ಹೋಗುವ ಯೋಚನೆಯಲ್ಲಿ ತನ್ನ ಲೆಕ್ಕವನ್ನು ನನಗೆ ಕಳುಹಿಸಿದ್ದನು. 1971ರಲ್ಲಿ ಆರಂಭವಾದ ಆ ಸ್ಥಳದಲ್ಲಿ ಈಗ ನಾಲ್ಕು ದೊಡ್ಡ ಉದ್ಯಾನಗಳಿವೆ. ಒಂದೊಂದಕ್ಕೂ ಒಂದೊಂದು ದಿನ ಸಾಲದು. ಅಲ್ಲಿಯ ಟಿಕೆಟ್ಟಿನ ಕ್ರಮದಲ್ಲಿ ದಿನಗಳು ಹೆಚ್ಚಿದಂತೆಲ್ಲ ದಿನವೊಂದರ ಸರಾಸರಿ ದರವು ಇಳಿಯುತ್ತ ಹೋಗುತ್ತದೆ. ಇನ್ನೊಂದು ದಿನ ಇಷ್ಟು ಅಗ್ಗವಾಗಿ ದೊರಕುತ್ತಿರುವಾಗ ಬಿಡುವುದೇಕೆಂಬ ಆಸೆಯಿಂದ ಜನರು ಐದು ದಿನಗಳನ್ನು ಒಂದೇ ಸಮನೆ ಪೋಣಿಸುತ್ತಾರೆ; ನನ್ನ ಮಗನೂ ಪೋಣಿಸಿದ್ದನು. ಆದರೆ ಅದೇ ಟಿಕೆಟ್ಟನ್ನು ದಿನಗಳ ಸಂಖ್ಯೆಗಿಂತ ದೀರ್ಘವಾದ ಅವಧಿಯೊಳಗೆ ಬಿಡಿಬಿಡಿಯಾಗಿ ಬಳಸಲು ಅವಕಾಶವಿರುವುದನ್ನು ಅವನು ಗಮನಿಸಿರಲಿಲ್ಲ. ಐದನೆಯ ದಿನದ ಟಿಕೆಟ್ಟನ್ನು ಬಿಟ್ಟು, ಎರಡನೆಯ ದಿನದ ನಂತರ ಒಂದು ಖಾಲಿ ದಿನವನ್ನಿಟ್ಟು, ಅಡಿಗೆಮನೆಯೂ ಬಟ್ಟೆ ಒಗೆಯುವ ಯಂತ್ರವೂ ಇರುವ ಒಂದೇ ವಸತಿಯನ್ನು ಮೊದಲಿನಿಂದ ಕೊನೆಯವರೆಗೆ ಹಿಡಿಯುವಂತೆ ಬರೆದೆನು. ವಿಶ್ರಾಂತಿಯ ದಿನವೇ ಪೆಟ್ಟಿಗೆ ಕಟ್ಟಿ ಕೋಣೆ ಬದಲಾಯಿಸುವಂತಾದರೆ, ಹನ್ನೊಂದು ಗಂಟೆಗೆ ಒಂದು ಹೋಟೆಲಿನಿಂದ ಹೊರಬಿದ್ದು ಮೂರು ಗಂಟೆಯವರೆಗೆ ಇನ್ನೊಂದರ ಬಾಗಿಲಲ್ಲಿ ಮಕ್ಕಳೊಡನೆ ಕಾಯುವುದೇ ಆ ದಿನದ ವಿಶ್ರಾಂತಿಯಾದೀತು. ಖಾಲಿ ದಿನಕ್ಕೆ ಕೋಣೆಯ ಬಾಡಿಗೆಯನ್ನು ಸುಮ್ಮನೆ ತೆರಬೇಕಾಗುತ್ತದೆಂದು ಸೊಸೆಯು ಆಕ್ಷೇಪಿಸಿದಳು. ಆಡಲಾಗದ ದಿನಕ್ಕೆ ಬಾಡಿಗೆ, ಟಿಕೆಟ್ಟು ಎರಡನ್ನೂ ತೆರುವುದಕ್ಕಿಂತ ಬಾಡಿಗೆಯೊಂದನ್ನೇ ತೆರುವುದು ಮೇಲಲ್ಲವೇ ಎಂದು ಉತ್ತರಿಸಿದೆನು. ವಿರಾಮವನ್ನು ಪ್ರವಾಸದ ಕೊನೆಗೆ ಇಡಬಾರದೆಂದೂ ಒತ್ತಿ ಹೇಳಿದೆನು. ಮೈಕೈ ನೋವು ಹೆಚ್ಚಾಗುವುದು ಆಡಿದ ದಿನವಲ್ಲ, ಮರುದಿನ. ಕೊನೆಯಲ್ಲಿಟ್ಟ ವಿರಾಮವು ಆಫೀಸಿಗೆ ಉಪಕಾರಿಯೇ ಹೊರತು ಪ್ರವಾಸಕ್ಕಲ್ಲ.

ನಮ್ಮ ಬುಧವಾರ ನಿಶ್ಚಿಂತೆಯಿಂದ ಸಾಗಿತು. 1892ರಿಂದ ನಡೆದುಬಂದಿರುವ ಚಾಮರಾಜೇಂದ್ರ ಮೃಗಾಲಯದ ಉದ್ದನೆಯ ದಾರಿಯನ್ನು ಮಕ್ಕಳು ಯಾವ ವಾಹನವನ್ನೂ ಬೇಡದೆ ನಡೆದರು. ಜಿರಾಫೆಯ ಮುಂದೆಯೇ ಅರ್ಧ ಗಂಟೆ ನಿಂತರು. ಮಧ್ಯಾಹ್ನದ ಊಟಕ್ಕೆ, ಮೂರು ಬೀದಿ ಆಚೆಗಿದ್ದ ಹಳೆಯ ಮೆಸ್ಸಿಗೆ ಹೋಗೋಣವೆಂದಾಗ ಯಾರೂ ಮುಖ ಸಿಂಡರಿಸಲಿಲ್ಲ. ರಾತ್ರಿ ಒಂಬತ್ತಕ್ಕೆ ಗುತ್ತಲಿಗೆ ಬಂದು ಪುಸ್ತಕವನ್ನು ತೆರೆದೆನು. ವಸತಿಯ ಕಲಮು ಬರಿದಾಗಿತ್ತು. ಮನೆಗೆ ಹೋಗಿಬಂದುದರ ಹೆಚ್ಚಿನ ಪೆಟ್ರೋಲು, ಟೋಲು ಸೇರಿ 1,900 ರೂಪಾಯಿ. ‘ಇತರೆ’ಯು ಸೋಮವಾರ 710, ಬುಧವಾರ 690. ನಡುವಿನ ಪುಟವನ್ನು ಬರೆಯುವ ಕೆಲಸವನ್ನು ಮೊಮ್ಮಗಳು ತಾನೇ ವಹಿಸಿಕೊಂಡಿದ್ದಳು. ಹಾಲು ಎರಡು ಲೀಟರು, ಎಳನೀರು ಆರು, ಸೊಪ್ಪು, ಬಾಳೆಹಣ್ಣು ಎಂದು ತನ್ನ ದುಂಡಗಿನ ಅಕ್ಷರದಲ್ಲಿ ಬರೆದು, ಒಟ್ಟು 520 ಎಂದು ಕೂಡಿಸಿ, ‘ಇತರೆ’ಯ ಎದುರಿಗೆ ಏನು ಬರೆಯಬೇಕು ತಾತ ಎಂದು ಕೇಳಿದಳು. ಸೊನ್ನೆ ಹಾಕಮ್ಮ ಎಂದೆನು. ಅವಳು ಸೊನ್ನೆಯನ್ನು ಹಾಕಿ, ಪಕ್ಕದಲ್ಲಿ, ನಾನು ಹೇಳದಿದ್ದರೂ, ‘ಮುಂದಿನ ವರ್ಷ ಎರಡು ಮಂಗಳವಾರ’ ಎಂದು ಬರೆದಿಟ್ಟಳು.