ಗಣಕಯಂತ್ರದ ಧೂಳು: ಅನುಭವದಿಂದ ಕಲಿತ ಪಾಠ

ಸುವರ್ಣ ಮಹೋತ್ಸವ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ಹಳೆಯ ನೆನಪುಗಳನ್ನು ಬರೆಯುವವರು ಅನೇಕರಿರುವರೆಂದು ಎಣಿಸಿ ನಾನು ಧೂಳಿನ ವಿಷಯವನ್ನು ಆರಿಸಿಕೊಂಡೆ. ಆದವಾನಿಯವರಿಗೆ ಧೂಳಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಹತ್ತಿಯ ವ್ಯಾಪಾರಕ್ಕೆ ಹೆಸರಾದ ಊರು ನಮ್ಮದು. ಎರೆಮಣ್ಣಿನ ಪುಡಿಯೂ ಜಿನ್ನುಗಳಿಂದ ಹಾರಿಬರುವ ಅರಳೆಯ ಎಳೆಯೂ ಕೂಡಿ ಇಲ್ಲಿನ ಕಿಟಕಿಗಳನ್ನು ಹೊಗುತ್ತವೆ.

2019ರ ಏಪ್ರಿಲ್ ತಿಂಗಳು. ಶಾಲೆಯ ಹಳೆಯ ದಾಖಲಾತಿ ಪುಸ್ತಕದ ಹೆಸರುಗಳನ್ನು ಗಣಕಯಂತ್ರಕ್ಕೆ ಇಳಿಸುವ ಕೆಲಸವನ್ನು ನಿವೃತ್ತ ವಿಜ್ಞಾನ ಶಿಕ್ಷಕನಾದ ನಾನು ವಹಿಸಿಕೊಂಡಿದ್ದೆ. ಹಾಳೆಗಳು ಮುಟ್ಟಿದರೆ ಪುಡಿಯಾಗುವ ಸ್ಥಿತಿಯಲ್ಲಿದ್ದವು. 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದ ಈ ತಾಲೂಕಿನಲ್ಲಿ ಕನ್ನಡ ಕಲಿತ ಮಕ್ಕಳ ಹೆಸರಿಗೆ ಬೇರೆ ಆಧಾರವೆಲ್ಲಿದೆ? ಆದರೆ ಯಂತ್ರವು ಸಹಕರಿಸಲಿಲ್ಲ. ಬೆರಳಚ್ಚು ಮಾಡುತ್ತಿದ್ದಂತೆಯೇ ತಟ್ಟನೆ ಆರಿಹೋಗುವುದು. ಉಳಿಸದೆ ಬಿಟ್ಟ ಪುಟವೆಲ್ಲ ನಷ್ಟ. ರಿಪೇರಿಯವನೊಬ್ಬನು ನೋಡಿ, ‘ಮದರ್‌ಬೋರ್ಡ್ ಹೋಗಿದೆ, ಹೊಸದು ಕೊಳ್ಳಿರಿ’ ಎಂದನು. ಅಷ್ಟು ಹಣ ನಮ್ಮಲ್ಲಿರಲಿಲ್ಲ.

ನಾನು ಎರಡು ದಿನ ಗಡಿಯಾರ ಹಿಡಿದು ಕುಳಿತೆ. ಬೆಳಗಿನ ಏಳಕ್ಕೆ ಹಚ್ಚಿದರೆ ಯಂತ್ರವು ಒಂದು ಗಂಟೆ ನಡೆಯುತ್ತಿತ್ತು. ಮಧ್ಯಾಹ್ನ ಎರಡಕ್ಕೆ ಹಚ್ಚಿದರೆ ಹತ್ತೇ ನಿಮಿಷ. ಅರ್ಧ ಗಂಟೆ ಆರಲು ಬಿಟ್ಟರೆ ಮತ್ತೆ ಸರಿ. ಸತ್ತ ಬೋರ್ಡು ಹೊತ್ತು ನೋಡಿ ನಡೆಯುವುದುಂಟೆ? ಇದು ಶಾಖದ ದೋಷವೆಂದು ಆಗ ಹೊಳೆಯಿತು.

ಈ ಯಂತ್ರದ ಮಿದುಳೆನಿಸಿದ ಪ್ರೊಸೆಸರಿನ ಸಿಲಿಕಾನ್ ಚೂರು ಹೆಬ್ಬೆರಳ ಉಗುರಿನಷ್ಟೇ ದೊಡ್ಡದು. ಸಾಧಾರಣ ಮೇಜಿನ ಯಂತ್ರದಲ್ಲಿ ಅದು ದುಡಿಯುವಾಗ 65 ವಾಟಿನಷ್ಟು ಶಾಖವನ್ನು ಹೊರಹಾಕಬಲ್ಲದು. ಹಿಂದಿನ 60 ವಾಟಿನ ಬಲ್ಬನ್ನು ಬರಿಗೈಯಲ್ಲಿ ಮುಟ್ಟಿ ಸುಟ್ಟುಕೊಂಡವರಿಗೆ ಇದರ ಅರ್ಥವಾದೀತು. ಈ ಶಾಖವನ್ನು ಅಲ್ಯೂಮಿನಿಯಮ್ಮಿನ ತೆಳು ರೆಕ್ಕೆಗಳುಳ್ಳ ಹೀಟ್ ಸಿಂಕ್ ಹೀರಿಕೊಳ್ಳುತ್ತದೆ. ಮೇಲಿನ ಚಿಕ್ಕ ಫ್ಯಾನು ಅದನ್ನು ಗಾಳಿಗೆ ಒಪ್ಪಿಸುತ್ತದೆ. ರೆಕ್ಕೆಗಳ ನಡುವೆ ಅರಳೆ ತುಂಬಿತೆಂದರೆ ಯಂತ್ರಕ್ಕೆ ಕೌದಿ ಹೊದಿಸಿದಂತೆ. ಚಳಿಗಾಲದಲ್ಲಿ ಕೌದಿಯು ನಮ್ಮನ್ನು ಕಾಯುವುದು ತನ್ನೊಳಗೆ ಅಲುಗದ ಗಾಳಿಯನ್ನು ಹಿಡಿದಿಡುವುದರಿಂದ. ಅಂತಹ ಗಾಳಿಯು ಶಾಖವನ್ನು ಸುಲಭವಾಗಿ ದಾಟಿಸದು. ಪ್ರೊಸೆಸರು ಮೊದಲು ತನ್ನ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಉಷ್ಣತೆಯು 100 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸನ್ನು ಮೀರಿದರೆ ತನ್ನ ರಕ್ಷಣೆಗಾಗಿ ಯಂತ್ರವನ್ನೇ ಆರಿಸಿಬಿಡುತ್ತದೆ. ಆರಿಹೋಗುವುದು ಯಂತ್ರದ ಕಾಯಿಲೆಯಲ್ಲ, ವಿವೇಕ.

ಶುದ್ಧಿಕಾರ್ಯಕ್ಕೆ ಮೊದಲು ಪ್ಲಗ್ಗನ್ನು ಗೋಡೆಯಿಂದ ಕಿತ್ತು, ಪವರ್ ಗುಂಡಿಯನ್ನು ನಾಲ್ಕಾರು ಬಾರಿ ಒತ್ತಿ ಉಳಿದ ವಿದ್ಯುತ್ತನ್ನು ತೀರಿಸಬೇಕು. ಪೆಟ್ಟಿಗೆಯನ್ನು ಹೊರಗಿನ ಜಗಲಿಗೆ ಒಯ್ಯುವುದು ಲೇಸು. ಕೋಣೆಯಲ್ಲಿ ಊದಿದ ಧೂಳು ಮರಳಿ ಅಲ್ಲಿಯೇ ಕೂಡುತ್ತದೆ. ಪಕ್ಕದ ತಗಡನ್ನು ಬಿಚ್ಚಿದ ಮೇಲೆ, ಒಳಗೆ ಕೈಯಿಡುವ ಮುನ್ನ, ಪೆಟ್ಟಿಗೆಯ ಬಣ್ಣವಿಲ್ಲದ ಲೋಹವನ್ನು ಮುಟ್ಟಿರಿ. ನಮ್ಮ ಮೈಯಲ್ಲಿನ ಸ್ಥಿರ ವಿದ್ಯುತ್ತು ನಮಗೆ ತಿಳಿಯದಂತೆಯೇ ಚಿಪ್ಪುಗಳನ್ನು ಕೊಲ್ಲಬಲ್ಲದು. ಮನೆಯ ವ್ಯಾಕ್ಯೂಮ್ ಕ್ಲೀನರಿನ ಮೂತಿಯನ್ನು ಬೋರ್ಡಿಗೆ ತಾಗಿಸಬಾರದೆಂಬುದಕ್ಕೂ ಇದೇ ಕಾರಣ. ಒದ್ದೆ ಬಟ್ಟೆಯಂತೂ ಸಲ್ಲದು.

ಒಣಗಿದ ಮೃದು ಕುಂಚದಿಂದ ಧೂಳನ್ನು ಸಡಿಲಿಸಿ, ಬ್ಲೋವರಿನಿಂದ ದೂರದಿಂದ, ಬಿಟ್ಟು ಬಿಟ್ಟು ಊದಬೇಕು. ಇಲ್ಲಿ ನನ್ನ ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಊದುವಾಗ ಫ್ಯಾನು ಗಿರಗಿರನೆ ತಿರುಗುವುದನ್ನು ನೋಡಿ ಬಾಲಕನಂತೆ ಹಿಗ್ಗಿದೆ. ಅತಿವೇಗದಿಂದ ಅದರ ಬೇರಿಂಗು ಕೆಟ್ಟು, ಹೊಸ ಫ್ಯಾನು ತರಬೇಕಾಯಿತು. ಎಲೆಗಳನ್ನು ಬೆರಳಿನಿಂದ ಹಿಡಿದುಕೊಂಡೇ ಊದಿರಿ. ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಹೊರಗಿನಿಂದ ಊದಿದರೆ ಸಾಕು, ಎಂದಿಗೂ ಬಿಚ್ಚಬೇಡಿರಿ. ಪ್ಲಗ್ಗು ಕಿತ್ತ ಮೇಲೂ ಅದರ ಕೆಪಾಸಿಟರುಗಳು ಅಪಾಯಕರ ವಿದ್ಯುತ್ತನ್ನು ಹಿಡಿದಿಟ್ಟಿರಬಹುದು.

ಹೀಟ್ ಸಿಂಕಿನಡಿಯ ಲೇಪವು ಒಣಗಿ ಬಿರುಕಾಗಿದ್ದರೆ ಮಾತ್ರ ಅದನ್ನು ಮೆಲ್ಲನೆ ತಿರುಚಿ ತೆಗೆದು, ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಬಟಾಣಿ ಕಾಳಿನಷ್ಟು ಹೊಸ ಥರ್ಮಲ್ ಪೇಸ್ಟ್ ಇಡಬೇಕು. ಕೈ ಪಳಗದವರು ಇದನ್ನು ಬಲ್ಲವರಿಗೆ ಬಿಡುವುದು ಮೇಲು.

ನಮ್ಮ ಯಂತ್ರದಿಂದ ಹೊರಬಿದ್ದ ಅರಳೆಯು ಒಂದು ದೀಪದ ಬತ್ತಿಗೆ ಸಾಕಾಗುವಷ್ಟಿತ್ತು! ಬಯಾಸ್ ಪರದೆಯಲ್ಲಿ 88 ಡಿಗ್ರಿ ತೋರುತ್ತಿದ್ದ ಉಷ್ಣತೆಯು ಹೊಸ ಫ್ಯಾನು ಹಾಕಿದ ಮೇಲೆ 52ಕ್ಕೆ ಇಳಿಯಿತು. ಪೆಟ್ಟಿಗೆಯನ್ನು ನೆಲದಿಂದ ಒಂದು ಮಣೆಯ ಮೇಲಕ್ಕೇರಿಸಿ, ಹಿಂಬದಿಯಲ್ಲಿ ಗೇಣಗಲ ಜಾಗ ಬಿಟ್ಟೆವು. ಈಗ ಹತ್ತಿಯ ಸುಗ್ಗಿ ಮುಗಿದೊಡನೆ ಒಮ್ಮೆ, ಮಳೆಗಾಲಕ್ಕೆ ಮುನ್ನ ಒಮ್ಮೆ ಮೇಲಿನ ತರಗತಿಯ ಮಕ್ಕಳೇ ನನ್ನೆದುರು ಈ ಕೆಲಸ ಮಾಡುತ್ತಾರೆ.

ಆ ಯಂತ್ರದಲ್ಲಿಯೇ ಸಿದ್ಧವಾದ ಹಳೆಯ ವಿದ್ಯಾರ್ಥಿಗಳ ಪಟ್ಟಿಯು ಈ ಸಂಚಿಕೆಯ ಕೊನೆಯ ಪುಟಗಳಲ್ಲಿದೆ. ತಮ್ಮ ಹೆಸರು ತಪ್ಪಾಗಿ ಅಚ್ಚಾಗಿದ್ದರೆ ತಿಳಿಸಿರಿ. ಅದು ಧೂಳಿನ ದೋಷವಲ್ಲ, ನನ್ನ ಕಣ್ಣಿನದು.