ವೈಮಾನಿಕರ ಹವಾವರದಿ: ಮಿತಾಕ್ಷರದ ಹೊಣೆ

ಅಕ್ಷರ ಅಲ್ಪವಾಗಿರಬೇಕು, ಅರ್ಥದಲ್ಲಿ ಸಂದೇಹವಿರಬಾರದು. ಇದು ಸೂತ್ರದ ಲಕ್ಷಣ. ವ್ಯಾಕರಣದ ಹೊರಗೂ ಈ ಲಕ್ಷಣವನ್ನು ಕಾಣಬಯಸುವ ವಿದ್ಯಾರ್ಥಿಗಳು ವಿಮಾನಚಾಲಕರಿಗಾಗಿ ಸಿದ್ಧವಾಗುವ ಹವಾವರದಿಯನ್ನು ಅವಲೋಕಿಸಬೇಕು. 'ಮೆಟಾರ್' ಎಂಬುದು ಅದರ ಹೆಸರು.

ಮಂಗಳೂರಿನ ಬಜಪೆ ವಿಮಾನ ನಿಲ್ದಾಣವನ್ನೇ ತೆಗೆದುಕೊಳ್ಳೋಣ. ಗುಡ್ಡದ ನೆತ್ತಿಯನ್ನು ಸಮಮಾಡಿ ರಚಿಸಿದ ಓಡುದಾರಿ ಅದು; ತುದಿಯಾಚೆ ಇಳಿಜಾರು. ಮುಂಗಾರಿನಲ್ಲಿ ಪಡುಗಡಲಿನಿಂದ ಬರುವ ಮೋಡಮಳೆಗಳು ನೋಟವನ್ನು ಮುಸುಕುವುದುಂಟು. ಅಂತಹ ದಿನದ ವರದಿಯ ಮುಖ್ಯಭಾಗ ಹೀಗಿರಬಹುದು:

ವಿಒಎಂಎಲ್ 27012ಕೆಟಿ 2000 ಆರ್‌ಎ ಬಿಕೆಎನ್010 25/24 ಕ್ಯೂ1008

ಮೊದಲ ನಾಲ್ಕಕ್ಷರ ಮಂಗಳೂರು ನಿಲ್ದಾಣದ ಸಂಕೇತ. ಮುಂದಿನದು ಗಾಳಿ: 270 ಡಿಗ್ರಿ, ಎಂದರೆ ಪಶ್ಚಿಮದಿಂದ, 12 ನಾಟ್ ವೇಗ, ಗಂಟೆಗೆ ಸುಮಾರು 22 ಕಿಲೋಮೀಟರು. ತೆಂಕಣಿಂದ ಬೀಸುವುದನ್ನು ನಾವು ತೆಂಗಾಳಿ ಎನ್ನುವಂತೆ, ಇಲ್ಲಿಯೂ ಗಾಳಿಗೆ ಬಂದ ದಿಕ್ಕಿನದೇ ಹೆಸರು. 2000 ಎಂಬುದು ಕಣ್ಣಿಗೆ ಎಟಕುವ ದೂರ, ಮೀಟರುಗಳಲ್ಲಿ. 'ಆರ್‌ಎ' ಮಳೆ. 'ಬಿಕೆಎನ್010' ಎಂದರೆ ಆಕಾಶದ ಎಂಟು ಪಾಲುಗಳಲ್ಲಿ ಐದರಿಂದ ಏಳನ್ನು ಮೋಡ ಆವರಿಸಿದೆ, ಅದರ ತಳ 1000 ಅಡಿ ಎತ್ತರದಲ್ಲಿದೆ ಎಂದರ್ಥ. 25 ಉಷ್ಣತೆ, 24 ಇಬ್ಬನಿಬಿಂದು. ಇವೆರಡು ಸಮೀಪಿಸಿದರೆ ಗಾಳಿ ತೇವದಿಂದ ತುಂಬಿದೆಯೆಂದು ತಿಳಿಯಬೇಕು.

ಕೊನೆಯ 1008 ವಾಯುಭಾರ, ಹೆಕ್ಟೊಪಾಸ್ಕಲ್ ಮಾನದಲ್ಲಿ. ಚಾಲಕನು ತನ್ನ ಎತ್ತರಮಾಪಕವನ್ನು ಈ ಅಂಕಿಗೆ ಹೊಂದಿಸಿಕೊಂಡರೆ ಅದು ಸಮುದ್ರಮಟ್ಟದಿಂದ ಎತ್ತರವನ್ನು ತೋರುತ್ತದೆ. ಒಂದು ಘಟಕದ ವ್ಯತ್ಯಾಸ ಸುಮಾರು 8 ಮೀಟರಿಗೆ ಸಮ. ಪ್ರಮಾದದಿಂದ 1008ರ ಸ್ಥಾನದಲ್ಲಿ 1018 ಎಂದಾದರೆ, ವಿಮಾನವು ಚಾಲಕನು ಭಾವಿಸಿದ್ದಕ್ಕಿಂತ ಸುಮಾರು 80 ಮೀಟರು ಕೆಳಗಿರುತ್ತದೆ. ಮೋಡದೊಳಗಿರುವವನಿಗೆ ಆ ತಪ್ಪನ್ನು ಕಣ್ಣು ತಿದ್ದಲಾರದು.

ವರದಿಯ ಜೊತೆಗೆ 'ಟಾಫ್' ಎಂಬ ಮುನ್ಸೂಚನೆಯೂ ಉಂಟು. ಮೊದಲನೆಯದು ಪ್ರತ್ಯಕ್ಷ, ಎರಡನೆಯದು ಅನುಮಾನ. ಅನುಮಾನವು ಪ್ರತ್ಯಕ್ಷದ ವೇಷ ಧರಿಸಬಾರದೆಂಬ ಎಚ್ಚರ ಇಲ್ಲಿ ಮೆಚ್ಚತಕ್ಕದ್ದು. 'ಪ್ರಾಬ್30' ಎಂದರೆ ಸಂಭವ ನೂರಕ್ಕೆ ಮೂವತ್ತು. 'ಟೆಂಪೊ' ಎಂದರೆ ಆಗಾಗ ತಲೆದೋರಿ, ಪ್ರತಿಸಲವೂ ಒಂದು ಗಂಟೆಯೊಳಗೆ ಸರಿದುಹೋಗುವ ಬದಲಾವಣೆ. ಇಳಿಯಲಾಗದಿದ್ದರೆ ಯಾವ ನಿಲ್ದಾಣಕ್ಕೆ ತಿರುಗಬೇಕು, ಅದಕ್ಕೆಷ್ಟು ಇಂಧನ ಬೇಕು ಎಂಬುದನ್ನು ಹೊರಡುವ ಮುನ್ನವೇ ನಿಶ್ಚಯಿಸಲು ಈ ಮುನ್ಸೂಚನೆ ಆಧಾರ.

ಕಂಡದ್ದನ್ನು ಕಂಡಂತೆ, ಊಹಿಸಿದ್ದನ್ನು ಊಹೆಯೆಂದೇ ಹೇಳುವುದು ಭಾಷೆಯ ಮೊದಲ ಧರ್ಮ. ಒಂದು ಅಂಕಿಯ ಸ್ಖಾಲಿತ್ಯವನ್ನು ಅಲ್ಪವೆಂದು ಎಣಿಸುವ ವಿದ್ಯಾರ್ಥಿಯು ಆ ಅಂಕಿಯನ್ನು ನಂಬಿ ಮಳೆಯೊಳಗೆ ಇಳಿಯುತ್ತಿರುವವರನ್ನು ನೆನೆಯಲಿ.