ಕತ್ತಿನ ಕೊಳವೆ ಕದಲದಿರಲಿ

ಐಸಿಯುನಲ್ಲಿರುವ ಬಂಧುವನ್ನು ಐದು ನಿಮಿಷ ನೋಡಿ ಹೊರಬಂದವರು ಸಾಮಾನ್ಯವಾಗಿ ಕೇಳುವುದುಂಟು: 'ಡಾಕ್ಟ್ರೇ, ಗ್ಲೂಕೋಸನ್ನು ಕೈಗೆ ಹಾಕುವುದು ಬಿಟ್ಟು ಕತ್ತಿಗೇಕೆ ಚುಚ್ಚಿದ್ದಾರೆ? ಸಾಲದ್ದಕ್ಕೆ ಹೊಲಿಗೆ ಬೇರೆ ಹಾಕಿದ್ದಾರೆ!'

ಹೊರಗೆ ಕಾಣುವುದು ಆ ಕೊಳವೆಯ ತುದಿಯಷ್ಟೇ. 15ರಿಂದ 20 ಸೆಂಟಿಮೀಟರ್ ಉದ್ದದ ಮೆತ್ತನೆಯ ನಳಿಕೆಯ ಬಹುಪಾಲು ಒಳಗಿರುತ್ತದೆ. ಅದರ ಒಳತುದಿ ಹೃದಯದ ಹೊಸ್ತಿಲಲ್ಲಿ, ದೊಡ್ಡ ಅಭಿಧಮನಿಯೊಳಗೆ ನಿಂತಿರುತ್ತದೆ. ಇದಕ್ಕೆ 'ಸೆಂಟ್ರಲ್ ಲೈನ್' ಎನ್ನುತ್ತಾರೆ. ಕತ್ತಿನಿಂದಲ್ಲದೆ ಕಾಲರ್ ಬೋನ್ ಕೆಳಗಿನಿಂದ ಅಥವಾ ತೊಡೆಸಂದಿಯಿಂದಲೂ ಹಾಕುವುದುಂಟು. ರಕ್ತದೊತ್ತಡ ಕುಸಿದಾಗ ಕೊಡುವ ನಾರ್‌ಅಡ್ರಿನಲಿನ್, ಗಾಢವಾದ ಪೊಟ್ಯಾಸಿಯಂ ಮುಂತಾದ ಔಷಧಿಗಳು ಕೈಯ ಸಣ್ಣ ರಕ್ತನಾಳವನ್ನು ಸುಟ್ಟಂತೆ ಹಾಳು ಮಾಡಬಲ್ಲವು. ದೊಡ್ಡ ನಾಳದಲ್ಲಿ ರಕ್ತ ರಭಸವಾಗಿ ಹರಿಯುವುದರಿಂದ ಅವು ಕೂಡಲೇ ತೆಳುವಾಗುತ್ತವೆ.

ಈ ಕೊಳವೆ ಜಾರಿದರೆ ಏನಾಗುತ್ತದೆ? ನಾರ್‌ಅಡ್ರಿನಲಿನ್‌ನ ಪರಿಣಾಮ ಉಳಿಯುವುದು ಕೆಲವೇ ನಿಮಿಷ. ಔಷಧಿ ನಿಂತೊಡನೆ ರಕ್ತದೊತ್ತಡ ಮತ್ತೆ ಕುಸಿಯಬಹುದು. ಅರ್ಧ ಜಾರಿದ್ದು ಇನ್ನೂ ಮೋಸದ ಸಂಗತಿ. ಮೇಲ್ನೋಟಕ್ಕೆ ಎಲ್ಲ ಸರಿಯಾಗಿಯೇ ಕಾಣುತ್ತದೆ, ಆದರೆ ಔಷಧಿ ನಾಳಕ್ಕೆ ಹೋಗದೆ ಮಾಂಸಕ್ಕೆ ಸೋರಿ ಚರ್ಮವೇ ಸಾಯಬಹುದು. ಪೂರ್ತಿ ಕಿತ್ತುಬಂದರೆ ರಕ್ತಸ್ರಾವವಾಗುವುದು ಎಲ್ಲರೂ ಊಹಿಸಬಹುದಾದದ್ದೇ. ಅನೇಕರಿಗೆ ಹೊಳೆಯದ ಅಪಾಯವೆಂದರೆ ಗಾಳಿ. ನಾವು ಉಸಿರೆಳೆದುಕೊಂಡಾಗ ಎದೆಯೊಳಗಿನ ಒತ್ತಡ ಹೊರಗಿನದಕ್ಕಿಂತ ಕಡಿಮೆಯಾಗುತ್ತದೆ. ಎದ್ದು ಕುಳಿತವರ ಕತ್ತಿನ ನಾಳದಲ್ಲಿ ತೂತು ತೆರೆದಿದ್ದರೆ ಗಾಳಿ ಒಳಕ್ಕೆ ಸೆಳೆದುಕೊಂಡು, ಹೃದಯ ಮತ್ತು ಶ್ವಾಸಕೋಶದ ರಕ್ತಸಂಚಾರಕ್ಕೆ ಅಡ್ಡವಾಗಿ ನಿಲ್ಲಬಹುದು. ಇದು ಪ್ರಾಣಕ್ಕೇ ಅಪಾಯ.

ಹೊಲಿಗೆ ಹಾಕುವುದು ಇದಕ್ಕಾಗಿಯೇ. ಕೊಳವೆಯ ಬುಡದಲ್ಲಿ ತೂತುಗಳಿರುವ ಪುಟ್ಟ ರೆಕ್ಕೆಗಳಿರುತ್ತವೆ. ಅವನ್ನು ದಾರದಿಂದ ಚರ್ಮಕ್ಕೆ ಬಿಗಿಯುತ್ತಾರೆ. ಆದರೆ ದಾರ ಹಾಯ್ದ ರಂಧ್ರಗಳು ರೋಗಾಣುಗಳಿಗೂ ದಾರಿಯಾಗಬಲ್ಲವು. ಆದ್ದರಿಂದ ಹೊಲಿಗೆಯಿಲ್ಲದೆ ಅಂಟಿನಿಂದ ಹಿಡಿದಿಡುವ ಸಾಧನಗಳನ್ನು ಬಳಸುವಂತೆ ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2011ರಲ್ಲಿ ಸಲಹೆ ಮಾಡಿತು. ಸಲಹೆ ಒಳ್ಳೆಯದೇ. ಆದರೂ ಬೇಸಿಗೆಯ ಬೆವರು, ವಾರದ ಗಡ್ಡ, ಜೊತೆಗೆ ಕತ್ತು ಹೊರಳಿಸುತ್ತಲೇ ಇರುವ ರೋಗಿ, ಇಷ್ಟೂ ಕೂಡಿದಲ್ಲಿ ಬರೀ ಅಂಟನ್ನು ನಂಬುವುದು ನನಗೆ ಕಷ್ಟ.

ಯಾವುದರಿಂದ ಬಿಗಿದರೂ ಮೇಲಿನ ಪಟ್ಟಿ ಗಟ್ಟಿಯಾಗಿರಬೇಕು. ಕ್ಲೋರ್‌ಹೆಕ್ಸಿಡಿನ್ ಹಚ್ಚಿ, ಅದು ಪೂರ್ತಿ ಒಣಗಿದ ಮೇಲೆ ಪಟ್ಟಿ ಅಂಟಿಸಬೇಕು. ಒದ್ದೆ ಚರ್ಮಕ್ಕೆ ಅಂಟಿಸಿದ್ದು ಬೇಗ ಏಳುತ್ತದೆ. ಪಾರದರ್ಶಕ ಪಟ್ಟಿಯನ್ನು 7 ದಿನಕ್ಕೊಮ್ಮೆ, ಗಾಜ್ ಬಟ್ಟೆಯದನ್ನು 2 ದಿನಕ್ಕೊಮ್ಮೆ ಬದಲಿಸುತ್ತಾರೆ. ಒದ್ದೆಯಾದರೆ, ಕೊಳೆಯಾದರೆ, ಅಂಚು ಎದ್ದರೆ ಅಷ್ಟು ದಿನ ಕಾಯುವಂತಿಲ್ಲ. ಹೊರಗಿನ ನಳಿಕೆಗಳನ್ನು ಒಂದು ಸುತ್ತು ಸಡಿಲ ಬಿಟ್ಟು ಅಂಟಿಸಿದ್ದರೆ, ಯಾರಾದರೂ ಎಡವಿ ಎಳೆದರೂ ಆ ಸೆಳೆತ ನೇರವಾಗಿ ಕತ್ತಿಗೆ ತಾಗದು.

ಕೊಳವೆ ಎಳೆದುಕೊಳ್ಳುವುದು ಎಷ್ಟೋ ಸಲ ರೋಗಿಯೇ. ತೀವ್ರ ಕಾಯಿಲೆಯಲ್ಲಿ, ಅದರಲ್ಲೂ ವಯಸ್ಸಾದವರಿಗೆ, ಬುದ್ಧಿಗೆ ಮಂಕು ಕವಿದು ಹಗಲು ರಾತ್ರಿಯ ವ್ಯತ್ಯಾಸವೂ ತಿಳಿಯದಂತಾಗುತ್ತದೆ. ಮನೆಯವರ ನೆರವು ಇಲ್ಲಿ ಬಹಳ ದೊಡ್ಡದು. ಕೈ ಹಿಡಿದು ಹೆಸರು ಕರೆದು ಮಾತನಾಡಿಸಿ. ಇಂದು ಯಾವ ವಾರ, ಈಗ ಎಷ್ಟು ಹೊತ್ತು, ತಾವೆಲ್ಲಿದ್ದಾರೆ ಎಂದು ತಿಳಿಸಿ. ಕನ್ನಡಕ, ಶ್ರವಣಯಂತ್ರ ಮನೆಯಲ್ಲೇ ಉಳಿದಿದ್ದರೆ ತಂದುಕೊಡಿ. ಆದರೆ ಪಾಪ ಎಂದು ನೀವೇ ಎತ್ತಿ ಕೂರಿಸುವುದು, ದಿಂಬು ಸರಿಮಾಡುವುದು, ಮಗ್ಗುಲು ತಿರುಗಿಸುವುದು ಬೇಡ, ದಾದಿಯನ್ನು ಕರೆಯಿರಿ. ದೇವಸ್ಥಾನದ ವಿಭೂತಿಯನ್ನು ಸಿಸ್ಟರನ್ನು ಕೇಳಿ ಹಣೆಗಿಡಬಹುದು. ತೀರ್ಥವನ್ನು ಮಾತ್ರ ಕತ್ತಿನ ಹತ್ತಿರ ಪ್ರೋಕ್ಷಿಸಬೇಡಿ.

ಡಯಾಲಿಸಿಸ್‌ಗಾಗಿ ಕತ್ತಿನಲ್ಲಿ ಕೊಳವೆ ಹಾಕಿಸಿಕೊಂಡು ಮನೆಗೆ ಬಂದವರ ಬಂಧುಗಳು ಇದನ್ನು ಇನ್ನೂ ಚೆನ್ನಾಗಿ ತಿಳಿದಿರಬೇಕು, ಅಲ್ಲಿ ದಾದಿ ಇರುವುದಿಲ್ಲ. ಸ್ನಾನ ಕತ್ತಿನಿಂದ ಕೆಳಗೆ ಮಾತ್ರ, ಪಟ್ಟಿ ನೆನೆಯಬಾರದು. ಅದರ ಬಳಿ ಕತ್ತರಿ, ರೇಜರ್ ಸುಳಿಯಬಾರದು. ಚಳಿಜ್ವರ ಬಂದರೆ ಅಥವಾ ಕೊಳವೆಯ ಬುಡ ಕೆಂಪಾಗಿ ಕೀವಾದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಕೊಳವೆ ಸ್ವಲ್ಪ ಹೊರಬಂದಿದ್ದರೆ ಒಳಕ್ಕೆ ತಳ್ಳಲೇಬೇಡಿ, ಇದ್ದ ಹಾಗೆಯೇ ಅಂಟಿಸಿ ಕರೆದೊಯ್ಯಿರಿ. ಪೂರ್ತಿ ಬಂದುಬಿಟ್ಟರೆ ರೋಗಿಯನ್ನು ದಿಂಬಿಲ್ಲದೆ ಅಂಗಾತ ಮಲಗಿಸಿ, ಶುಭ್ರವಾದ ಬಟ್ಟೆಯಿಂದ ತೂತಿನ ಮೇಲೆ ಬಲವಾಗಿ ಒತ್ತಿಹಿಡಿದು ಆಂಬುಲೆನ್ಸ್‌ಗೆ ಹೇಳಿಕಳಿಸಿ. ರಕ್ತ ನಿಂತಿತೇ ಎಂದು ಆಗಾಗ ಕೈ ತೆಗೆದು ನೋಡಬೇಡಿ, ಎದ್ದು ಕೂರಲೂ ಬಿಡಬೇಡಿ.

ಐಸಿಯುನಲ್ಲಿ 'ಈ ಲೈನ್ ಇನ್ನೂ ಬೇಕೇ?' ಎಂದು ವೈದ್ಯರನ್ನು ವಿನಯದಿಂದ ಕೇಳುವುದು ಉದ್ಧಟತನವಲ್ಲ. ಅಮೆರಿಕದ ಮಿಷಿಗನ್ ರಾಜ್ಯದ ಐಸಿಯುಗಳಲ್ಲಿ ಐದು ಸರಳ ಕ್ರಮಗಳಿಂದ ಈ ಕೊಳವೆಗಳ ಸೋಂಕನ್ನು ಬಹಳವಾಗಿ ಇಳಿಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಕೈ ತೊಳೆಯುವುದು ಅವುಗಳಲ್ಲೊಂದು, ಬೇಡವಾದ ಕೊಳವೆಯನ್ನು ತೆಗೆದುಬಿಡುವುದು ಇನ್ನೊಂದು. ತೆಗೆಯುವಾಗಲೂ ರೋಗಿಯನ್ನು ಮಲಗಿಸಿ, ಉಸಿರು ಬಿಗಿಹಿಡಿಯಲು ಹೇಳಿ, ತೆಗೆದ ಜಾಗವನ್ನು ಕೆಲವು ನಿಮಿಷ ಒತ್ತಿ, ಗಾಳಿಯಾಡದ ಪಟ್ಟಿ ಹಾಕುತ್ತಾರೆ. ಆ ಪಟ್ಟಿ ಒಂದು ದಿನ ಹಾಗೆಯೇ ಇರಲಿ.